ಕುದಿಸದ ಜಾಡಿ

ಮಾವ ಮೊಳೆ ಹೊಡೆದು ಬೆಲ್ಟಿಗೆ ಹೊಸ ತೂತು ಮಾಡುತ್ತಿದ್ದ ಹೊತ್ತಿಗೇ ಸರಿಯಾಗಿ ನಾದಿನಿ ಬಾಗಿಲಲ್ಲಿ ಬಂದು ನಿಂತಳು. ಗ್ರಹಚಾರ ಅಂದರೆ ಇದೇ. ಐದು ನಿಮಿಷ ತಡವಾಗಿ ಬಂದಿದ್ದರೆ ಸುತ್ತಿಗೆ ಪೆಟ್ಟಿಗೆಯಲ್ಲಿರುತ್ತಿತ್ತು, ಬೆಲ್ಟು ಸೊಂಟದಲ್ಲಿರುತ್ತಿತ್ತು, ಅವಳಿಗೆ ಏನೂ ಗೊತ್ತಾಗುತ್ತಿರಲಿಲ್ಲ.

“ಅಪ್ಪಾ, ಇದು ಎಷ್ಟನೇ ತೂತು?”

“ಮೂರನೇದು,” ಎಂದರು ಮಾವ, ಬಹುಮಾನ ಬಂದವರ ಹಾಗೆ.

ಆಮೇಲೆ ಅವಳು ಊಟಕ್ಕೆ ಕೂತಳು. ನಾನು ಮಾಡಿದ ಊಟ. ಬೀನ್ಸು ಬೂದಿ ಬಣ್ಣಕ್ಕೆ ತಿರುಗಿತ್ತು, ಆಲೂಗಡ್ಡೆ ನೀರಿನಲ್ಲಿ ಕರಗಿ ಹೋಗಿತ್ತು, ಮೊಟ್ಟೆಯ ಹಳದಿಯ ಸುತ್ತ ನೀಲಿ ಗೆರೆ ಬಂದಿತ್ತು. ಎರಡು ತುತ್ತು ತಿಂದು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ಅತ್ತಿಗೆ, ತಪ್ಪು ತಿಳ್ಕೋಬೇಡಿ. ಅಪ್ಪ ಇನ್ಮೇಲೆ ನಮ್ಮನೇಲೇ ಇರಲಿ. ರೂಮಿಗೆ ಬಣ್ಣ ಹೊಡೆಸ್ತಿದೀನಿ. ಮುಂದಿನ ತಿಂಗಳು ಮೊದಲನೇ ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ.”

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಆ ದಿನ ಯಾರ ಮೇಲೆ ತೋರಿಸಲಿ? ತಟ್ಟೆಯೇ ಎದುರಿಗೆ ಕೂತು ಸಾಕ್ಷಿ ಹೇಳುತ್ತಿತ್ತು.

ನಮ್ಮ ಮನೆಯಲ್ಲಿ ಅಡುಗೆ ಮೊದಲಿನಿಂದಲೂ ನನ್ನ ಗಂಡನದು. ಅವರು ವೆಲ್ಡರ್. ಹನ್ನೊಂದು ತಿಂಗಳ ಹಿಂದೆ ದೂರದಲ್ಲೆಲ್ಲೋ ಸೇತುವೆ ಕಟ್ಟುವ ಕೆಲಸಕ್ಕೆ ಹೋದರು. ಮುಗಿಯಲು ಇನ್ನೂ ಒಂದೂವರೆ ವರ್ಷ ಬೇಕು. ಅವರು ಹೋದ ಮರುದಿನದಿಂದ ಒಲೆ ನನ್ನ ಪಾಲಿಗೆ ಬಂತು. ನಾನೋ, ಹತ್ತೊಂಬತ್ತು ವರ್ಷದಿಂದ ಆಸ್ಪತ್ರೆಯಲ್ಲಿ ಒಂದೇ ಕೆಲಸ ಮಾಡಿದವಳು. ಆಪರೇಷನ್ನಿಗೆ ಬಳಸುವ ಕತ್ತರಿ, ಚಾಕು, ಚಿಮುಟಗಳನ್ನು ತೊಳೆದು, ಎಣಿಸಿ, ಬಟ್ಟೆಯಲ್ಲಿ ಕಟ್ಟಿ, ಆಳೆತ್ತರದ ಆವಿ ಪೆಟ್ಟಿಗೆಯಲ್ಲಿಟ್ಟು, ಒಂದು ಕ್ರಿಮಿಯೂ ಉಳಿಯದ ಹಾಗೆ ಮಾಡುವುದು. ನಮ್ಮಲ್ಲಿ ‘ಸ್ವಲ್ಪ’ ಎಂಬ ಮಾತಿಲ್ಲ. ಇಪ್ಪತ್ತು ನಿಮಿಷ ಎಂದರೆ ಇಪ್ಪತ್ತು ನಿಮಿಷ. ಕೆಳಗೆ ಬಿದ್ದ ಕತ್ತರಿಯನ್ನು ಎತ್ತಿ ಒರೆಸಿ ಇಟ್ಟವರ ಕೆಲಸ ಹೋಗುತ್ತದೆ.

ಇದೇ ಶಿಸ್ತು ಅಡುಗೆಮನೆಗೂ ಬಂತು. ನೀರು ಕುದಿ ಬಂದ ಮೇಲೆ ಇಪ್ಪತ್ತು ನಿಮಿಷ. ಬೀನ್ಸಿಗೂ ಅಷ್ಟೇ, ಮೊಟ್ಟೆಗೂ ಅಷ್ಟೇ, ಸೊಪ್ಪಿಗೂ ಅಷ್ಟೇ.

“ನಿನ್ನ ಊಟ ತಿಂದು ಯಾರಿಗೂ ಕಾಯಿಲೆ ಬರಲ್ಲ ಕಣಮ್ಮ,” ಎನ್ನುತ್ತಿದ್ದರು ಮಾವ. “ಕ್ರಿಮಿಗಳೂ ಮೂಸಿ ನೋಡಲ್ಲ.”

ಹೀಗೆ ತಮಾಷೆ ಮಾಡುತ್ತ ಅರ್ಧ ತಿಂದು, “ಚೆನ್ನಾಗಿದೆ,” ಎಂದು ಎದ್ದುಬಿಡುತ್ತಿದ್ದರು. ನಲವತ್ತು ವರ್ಷ ಗೋಡೆಗಳಿಗೆ ಗಾರೆ ಬಳಿದ ಮೇಸ್ತ್ರಿ, ಮೊದಲೆಲ್ಲ ಕಲ್ಲು ತಿಂದು ಕಲ್ಲು ಕರಗಿಸಿಕೊಳ್ಳುವ ಹಾಗಿದ್ದವರು, ಈಗ ಅಂಗಿಯೊಳಗೆ ತೂಗಾಡುತ್ತಿದ್ದರು.

ಅವರು ಹೋಗಬಾರದು. ಇದನ್ನು ನೇರವಾಗಿಯೇ ಹೇಳುತ್ತೇನೆ, ಮರ್ಯಾದೆಯ ಪ್ರಶ್ನೆ ಅರ್ಧವಾದರೆ ಪ್ರೀತಿಯ ಪ್ರಶ್ನೆ ಇನ್ನರ್ಧ. ಸಂಜೆ ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ, “ಇವತ್ತು ಎಷ್ಟು ಕತ್ತರಿ?” ಎಂದು ಕೇಳುತ್ತಾರೆ. ನಾನು ಹೇಳುತ್ತೇನೆ. ಯಾವ ಡಾಕ್ಟರು ಕೂಗಾಡಿದರು, ಯಾವ ಟ್ರೇಯಲ್ಲಿ ಚಿಮುಟ ಒಂದು ಕಡಿಮೆಯಾಯಿತು, ಎಲ್ಲ. ಈ ಭೂಮಿಯ ಮೇಲೆ ನನ್ನ ಕತ್ತರಿಗಳ ಬಗ್ಗೆ ಕೇಳುವ ಮನುಷ್ಯ ಅವರೊಬ್ಬರೇ. ಅವರನ್ನು ನಾನು ಬೀನ್ಸಿನ ದೆಸೆಯಿಂದ ಕಳೆದುಕೊಳ್ಳುವುದೇ?

ಮೂರನೆಯ ದಿನ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಿದ್ದಾಗ ಲ್ಯಾಬಿನವಳು ತಾನೇ ಮಾಡಿದ ಬ್ರೆಡ್ಡಿನ ತುಂಡೊಂದನ್ನು ಕೊಟ್ಟಳು. ಇವಳು ನನ್ನ ಗೆಳತಿ. ವರಾಂಡದ ಈ ಕಡೆ ನಾನು ಕ್ರಿಮಿಗಳನ್ನು ಕೊಲ್ಲುತ್ತೇನೆ, ಆ ಕಡೆ ಅವಳು ಪುಟ್ಟ ಪುಟ್ಟ ತಟ್ಟೆಗಳಲ್ಲಿ ಅವನ್ನೇ ಸಾಕುತ್ತಾಳೆ. ಬ್ರೆಡ್ಡಿಗೆ ಕಂದು ಸಿಪ್ಪೆ, ಒಳಗೆ ದೊಡ್ಡ ದೊಡ್ಡ ತೂತು, ಅಗಿದರೆ ಹಿತವಾದ ಹುಳಿ. ಸೋರ್‌ಡೋ, ಅಂದರೆ ಹುಳಿಹಿಟ್ಟಿನ ಬ್ರೆಡ್ಡು ಎಂದಳು. ಅರ್ಧ ತಿಂದು ಅರ್ಧ ಮನೆಗೆ ತಂದೆ.

ಮಾವ ತಿಂದರು. ತಮಾಷೆ ಮಾಡಲಿಲ್ಲ. ತಟ್ಟೆಯಲ್ಲಿ ಉದುರಿದ ಪುಡಿಯನ್ನು ಬೆರಳಿಗೆ ಅಂಟಿಸಿಕೊಂಡು ಅದನ್ನೂ ಬಿಡಲಿಲ್ಲ. ಆಮೇಲೆ ತಲೆ ಎತ್ತಿ ಕೇಳಿದರು:

“ಇನ್ನೂ ಇದೆಯಾ?”

ಹನ್ನೊಂದು ತಿಂಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಆಡದ ಮಾತು ಅದು! “ನಾನೇ ಮಾಡ್ತೀನಿ ಮಾವ,” ಎಂದುಬಿಟ್ಟೆ. ಹೇಗೆಂದು ದೇವರಿಗೇ ಗೊತ್ತು.

ಮರುದಿನ ಲ್ಯಾಬಿನವಳ ಬೆನ್ನು ಹತ್ತಿದೆ.

“ಹಿಟ್ಟು, ನೀರು, ಉಪ್ಪು. ಅಷ್ಟೇ,” ಎಂದಳು.

“ಮತ್ತೆ ಉಬ್ಬೋದು ಹೇಗೆ?”

“ಹಿಟ್ಟಲ್ಲೇ ಇರ್ತಾವಲ್ಲ, ಕಣ್ಣಿಗೆ ಕಾಣದ ಜೀವಗಳು. ನೀರು ಬಿದ್ರೆ ಎಚ್ಚರ ಆಗ್ತಾವೆ. ಜಾಡಿಯಲ್ಲಿ ಕಲಸಿಟ್ಟು ದಿನಾ ಅರ್ಧ ತೆಗೆದು ಹೊಸ ಹಿಟ್ಟು, ನೀರು ಹಾಕು. ವಾರದಲ್ಲಿ ಹುಳಿಹಿಟ್ಟು ರೆಡಿ. ಬೇಡ ಅಂದ್ರೆ ನನ್ನ ಜಾಡಿಯಿಂದ ಎರಡು ಚಮಚ ಕೊಡ್ತೀನಿ, ತಗೊಂಡು ಹೋಗು.”

“ಲ್ಯಾಬಿನವಳ ಕೈಯಿಂದ ಜಾಡಿ ತಗೊಂಡು ಮನೆಗೆ ಹೋಗೋದಾ? ಪ್ರಾಣ ಹೋದ್ರೂ ಇಲ್ಲ.”

“ಹಾಗಾದ್ರೆ ನೀನೇ ಹುಟ್ಟಿಸ್ಕೋ,” ಎಂದು ಮುಖ ತಿರುಗಿಸಿದಳು.

ಹುಟ್ಟಿಸಲು ಕೂತೆ. ಗಾಜಿನ ಜಾಡಿಯನ್ನು ಕುಕ್ಕರಿನಲ್ಲಿಟ್ಟು ಇಪ್ಪತ್ತು ನಿಮಿಷ ಕುದಿಸಿದೆ. ನೀರನ್ನು ಕುದಿಸಿ ಆರಿಸಿದೆ. ಗೋಧಿ ಹಿಟ್ಟನ್ನು ಘಮ್ಮೆನ್ನುವವರೆಗೆ ಬಾಣಲೆಯಲ್ಲಿ ಹುರಿದೆ, ಯಾರ್‍ಯಾರೋ ಮುಟ್ಟಿದ ಹಿಟ್ಟಲ್ಲವೇ? ಕೈಗೆ ಸ್ಪಿರಿಟ್ ಹಚ್ಚಿಕೊಂಡು, ಬಾಯಿಗೆ ಮಾಸ್ಕ್ ಕಟ್ಟಿ, ಕುದಿಸಿದ ಚಮಚದಿಂದ ಕಲಸಿ, ಮುಚ್ಚಳ ಬಿಗಿದೆ. ಆಪರೇಷನ್ ಟೇಬಲ್ಲಿಗೆ ಕಳಿಸುವ ಹಾಗಿತ್ತು ಜಾಡಿ. ನನಗೇ ಹೆಮ್ಮೆಯಾಯಿತು.

ಆರು ದಿನ ಕಾದೆ. ಬೆಳಿಗ್ಗೆ ಎದ್ದ ಕೂಡಲೇ ಜಾಡಿ, ಕೆಲಸದಿಂದ ಬಂದ ಕೂಡಲೇ ಜಾಡಿ. ಒಂದು ಗುಳ್ಳೆ? ಊಹೂಂ.

“ಪೋಸ್ಟರ್ ಅಂಟಿಸೋಕೆ ಚೆನ್ನಾಗಿದೆ,” ಎಂದರು ಮಾವ, ಬೆರಳಿನಿಂದ ಮುಟ್ಟಿ ನೋಡಿ.

ಏಳನೆಯ ದಿನ ಲ್ಯಾಬಿನವಳ ಮೇಲೆ ಹರಿಹಾಯ್ದೆ. ನಿನ್ನ ಪಾಠ ಸುಳ್ಳು, ನೀನೂ ಸುಳ್ಳಿ, ನನ್ನ ಒಂದು ವಾರ ಹಾಳು ಎಂದೆ. ಅವಳು ಕೋಪ ಮಾಡಿಕೊಳ್ಳಲಿಲ್ಲ. “ಏನು ಮಾಡಿದೆ, ಒಂದೊಂದಾಗಿ ಹೇಳು,” ಎಂದಳು. ಹೇಳಿದೆ. ಹುರಿದ ಹಿಟ್ಟಿಗೆ ಬರುವಷ್ಟರಲ್ಲಿ ಅವಳು ಮೇಜಿನ ಮೇಲೆ ತಲೆಯಿಟ್ಟು ನಗುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ.

“ಅಲ್ವೇ, ಎಲ್ಲಾನೂ ಸಾಯಿಸಿ ಆಮೇಲೆ ಎದ್ದೇಳು ಅಂದ್ರೆ ಯಾವುದು ಏಳುತ್ತೆ? ಹುರೀಬೇಡ, ಕುದಿಸಬೇಡ, ಬಿಗಿಯಾಗಿ ಮುಚ್ಚಬೇಡ. ನೀನು ಗೆದ್ದಿದ್ದೀಯ ಕಣೇ. ಅದೇ ನಿನ್ನ ತೊಂದರೆ.”

ನನಗೂ ನಗು ಬಂತು. ಆದರೆ ಭಾನುವಾರಕ್ಕೆ ಉಳಿದದ್ದು ಹತ್ತೊಂಬತ್ತು ದಿನ.

ಸಂಜೆ ಅಡುಗೆಮನೆಯಲ್ಲಿ ಹೊಸ ಜಾಡಿ, ಹಸಿ ಹಿಟ್ಟು, ನಲ್ಲಿ ನೀರು ಎದುರಿಗಿಟ್ಟುಕೊಂಡು ನಿಂತೆ. ಕೈ ತಾನಾಗಿ ಕುಕ್ಕರಿನ ಕಡೆಗೆ ಹೋಗುತ್ತದೆ. ಎಳೆದುಕೊಳ್ಳುತ್ತೇನೆ, ಮತ್ತೆ ಹೋಗುತ್ತದೆ. ಹತ್ತು ನಿಮಿಷ ಇದೇ ಆಟ ನೋಡಿದ ಮಾವ ಅಂಗಿಯ ತೋಳು ಮಡಚಿಕೊಂಡು ಒಳಗೆ ಬಂದರು.

“ನೀನು ಆಚೆ ಹೋಗಮ್ಮ. ನಾನು ಕಲಸ್ತೀನಿ.”

“ಕೈ ತೊಳ್ಕೊಳ್ಳಿ ಮಾವ.”

“ತೊಳ್ಕೊಂಡಿದೀನಿ. ಒಂದೇ ಸಲ. ಎರಡನೇ ಸಲ ತೊಳೆಯಲ್ಲ.”

ಬಾಗಿಲ ಹೊರಗೆ ನಿಂತುಕೊಂಡು ಇಣುಕಿದೆ. ಆಪರೇಷನ್ ಥಿಯೇಟರಿನ ಹೊರಗೆ ನೆಂಟರು ನಿಲ್ಲುತ್ತಾರಲ್ಲ, ಹಾಗೆ. ಮಾವ ಅಳತೆ ಲೋಟ ಮುಟ್ಟಲಿಲ್ಲ. ಹಿಟ್ಟಿನ ಮಧ್ಯೆ ಗುಂಡಿ ಮಾಡಿ ನೀರು ಬಿಟ್ಟರು, ಬೆರಳಿನಿಂದ ಅಂಚು ಎಳೆದು ಎಳೆದು ಸೇರಿಸಿದರು, ನಿಂತರು, ನೋಡಿದರು, ಇನ್ನೊಂದು ಹನಿ ಬಿಟ್ಟರು. “ಗಾರೆಗೆ ನೀರು ಅಳೆದು ಹಾಕೋನು ಮೇಸ್ತ್ರಿ ಅಲ್ಲ,” ಎಂದರು, ನನಗಲ್ಲ, ಹಿಟ್ಟಿಗೆ ಹೇಳುವ ಹಾಗೆ. ಎಷ್ಟೋ ತಿಂಗಳ ಮೇಲೆ ಅವರ ಬೆನ್ನು ನೆಟ್ಟಗಾಗಿತ್ತು.

ಎರಡನೆಯ ದಿನ ಬೆಳಿಗ್ಗೆ ಗುಳ್ಳೆ! ಒಂದಲ್ಲ, ಎರಡಲ್ಲ, ಜಾಡಿಯ ಗೋಡೆಯುದ್ದಕ್ಕೂ. “ಮಾವಾ!” ಎಂದು ನಾನು ಕೂಗಿದ್ದಕ್ಕೆ ಮೇಲಿನ ಮನೆಯವರು ಕಿಟಕಿ ತೆರೆದರು. ಮೂರನೆಯ ದಿನ ಹಿಟ್ಟು ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯಿತು, ಜೊತೆಗೆ ಒದ್ದೆ ಕಾಲುಚೀಲದ ನಾತ. ನಾಲ್ಕನೆಯ ದಿನ ಎಲ್ಲ ಸ್ತಬ್ಧ. ಗುಳ್ಳೆಯಿಲ್ಲ, ಉಸಿರಿಲ್ಲ. ನಾನು ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆಯೆಲ್ಲ ಓಡಾಡಿ ಲ್ಯಾಬಿನವಳಿಗೆ ಫೋನು ಮಾಡಿದೆ.

“ಗಾಬರಿ ಆಗ್ಬೇಡ,” ಎಂದಳು. “ಮೊದಲು ನುಗ್ಗಿದ ಪುಂಡ ಕ್ರಿಮಿಗಳು ಹೋದ್ವು. ಮನೇಲಿ ನಿಲ್ಲೋರು ನಿಧಾನಕ್ಕೆ ಬರ್ತಾರೆ. ಹಿಟ್ಟು ಹಾಕ್ತಾ ಇರು.”

ಹಾಕುತ್ತಾ ಇದ್ದೆವು. ಬೆಳಿಗ್ಗೆ ನಾನು, ಮಧ್ಯಾಹ್ನ ಇಣುಕಿ ನೋಡಲು ಮಾವ. ಒಂಬತ್ತನೆಯ ದಿನ ಕೆಲಸದಿಂದ ಬಂದರೆ ಮಾವ ಬಾಗಿಲಲ್ಲೇ ನಿಂತಿದ್ದಾರೆ. ಅಂದು ಕತ್ತರಿಯ ಲೆಕ್ಕ ಕೇಳಲಿಲ್ಲ. ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಹಿಟ್ಟು ಎರಡರಷ್ಟಾಗಿ ಜಾಡಿಯ ಕತ್ತಿನವರೆಗೆ ಏರಿ ನಿಂತಿತ್ತು, ಹಣ್ಣಿನ ಹಾಗೆ ವಾಸನೆ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗಂಡನಿಗೆ ಫೋನು ಮಾಡಿ, “ಉಬ್ಬಿತು ರೀ, ಉಬ್ಬಿತು!” ಎಂದು ಕಿರುಚಿದೆ. “ಏನು? ಅಪ್ಪನ ಕಾಲಾ?” ಎಂದು ಅವರು ಆ ಕಡೆ ಬೆದರಿದರು.

ಮೊದಲ ಬ್ರೆಡ್ಡು ಇಟ್ಟಿಗೆಯಾಯಿತು. ಸುಳ್ಳೇಕೆ, ತಪ್ಪು ನನ್ನದೇ. ಮುಕ್ಕಾಲು ಗಂಟೆ ಸಾಕು ಎಂದಿದ್ದಳು ಲ್ಯಾಬಿನವಳು. ಒಳಗೆ ಏನಾದರೂ ಬದುಕಿ ಉಳಿದರೆ ಎಂದು ಎರಡು ಗಂಟೆ ಓವನ್ನಿನಲ್ಲಿಟ್ಟಿದ್ದೆ. ಮಾವ ಅದನ್ನು ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡಿ, “ಇಂಥವು ಇನ್ನೊಂದು ಇನ್ನೂರು ಇದ್ರೆ ಕಾಂಪೌಂಡ್ ಎತ್ತಬಹುದು,” ಎಂದರು.

ನನಗೆ ನಗು ಬರಲಿಲ್ಲ. ಅಳು ಬಂತು. ಹತ್ತೇ ದಿನ ಉಳಿದಿತ್ತು. “ನನ್ನ ಕೈಯಲ್ಲಿ ಆಗಲ್ಲ ಮಾವ. ನೀವು ಮಗಳ ಮನೆಗೇ ಹೋಗಿ. ಅಲ್ಲಾದ್ರೂ ಹೊಟ್ಟೆ ತುಂಬ ತಿನ್ನಿ,” ಎಂದೆ.

ಅವರು ಬ್ರೆಡ್ಡನ್ನು ಕೆಳಗಿಟ್ಟರು. ಆಮೇಲೆ ಮೆಲ್ಲಗೆ, ಬೈಗುಳವಿಲ್ಲದೆ ಹೇಳಿದರು:

“ಒಂದು ಮಾತು ಕೇಳ್ತೀನಿ. ನೀನು ಮಾಡಿದ್ದನ್ನ ನೀನು ತಿಂದಿದ್ದನ್ನ ನಾನು ಇವತ್ತಿನವರೆಗೆ ನೋಡಿಲ್ಲ. ನನಗೆ ಬಡಿಸಿ, ಕ್ಯಾಂಟೀನಲ್ಲಿ ಆಯ್ತು ಅಂತೀಯ. ರಜೆ ದಿನಾನೂ ಹಸಿವಿಲ್ಲ ಅಂತೀಯ. ನೀನೇ ನಂಬದೇ ಇರೋ ಊಟ ನನಗೆ ಹೇಗಮ್ಮ ಇಳಿಯುತ್ತೆ?”

ನಿಜ. ಹನ್ನೊಂದು ತಿಂಗಳಲ್ಲಿ ಒಂದು ದಿನವೂ ನನ್ನ ಅಡುಗೆಯನ್ನು ನಾನು ಬಾಯಿಗೆ ಇಟ್ಟಿರಲಿಲ್ಲ. ಬೆಂದಿದೆಯೇ ಎಂದು ಗಡಿಯಾರ ನೋಡಿದ್ದೆ, ರುಚಿ ನೋಡಿರಲಿಲ್ಲ. ಆಗಲೇ ಒಂದು ತಟ್ಟೆ ತಂದು ಅಂದಿನ ಬೂದಿ ಬೀನ್ಸು ಹಾಕಿಕೊಂಡು ಅವರ ಎದುರಿಗೇ ಕೂತೆ. ಒಂದು ತುತ್ತು. ಅಯ್ಯೋ.

“ಇದನ್ನ ಹೇಗೆ ತಿಂದ್ರಿ ಮಾವ?”

“ಅರ್ಧ ತಿಂದೆ,” ಎಂದರು. ಆಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಅವತ್ತೇ ಮಾವ ಅಡುಗೆಮನೆಯ ಗೋಡೆ ಗಡಿಯಾರವನ್ನು ಕೆಳಗಿಳಿಸಿ ಮಲಗುವ ಕೋಣೆಗೆ ಸಾಗಿಸಿದರು. ಮರುದಿನ ಕುದಿಯುವ ನೀರಿನಿಂದ ಒಂದು ಬೀನ್ಸು ತೆಗೆದು ಕಚ್ಚಿದೆ. ಹಸಿ. ಒಂದು ನಿಮಿಷ ಬಿಟ್ಟು ಇನ್ನೊಂದು. ಮತ್ತೊಂದು. ಐದನೆಯದಕ್ಕೆ ಒಳಗೆ ಮೆತ್ತಗೆ, ಹೊರಗೆ ಬಿಗಿ, ಹಸಿರೋ ಹಸಿರು! ಒಲೆ ಆರಿಸಿದೆ. ಐದೇ ಐದು ನಿಮಿಷ! ಉಳಿದ ಹದಿನೈದು ನಿಮಿಷ ಇಷ್ಟು ದಿನ ನಾನು ಯಾರ ಮೇಲೆ ಹಗೆ ತೀರಿಸಿಕೊಳ್ಳುತ್ತಿದ್ದೆ? ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಬಿಟ್ಟರೆ ಸಿಹಿಯಾಗುತ್ತದೆ ಎಂದು ಕಂಡುಕೊಂಡೆ. ಉಪ್ಪನ್ನು ಕೊನೆಗೆ ಸುರಿಯುವ ಬದಲು ಆಗಾಗ ಚಿಟಿಕೆ ಹಾಕಿ ನೋಡಿದೆ. ಸೂಪಿಗೆ ಟೊಮೆಟೊ ಹೆಚ್ಚಾಯಿತು, ಮಾರನೆಯ ದಿನ ಕಡಿಮೆ ಹಾಕಿದೆ. ತಪ್ಪಿದರೆ ಯಾರೂ ಸಾಯುವುದಿಲ್ಲ ಎಂಬ ವಿಷಯ ನಲವತ್ತೆರಡನೆಯ ವಯಸ್ಸಿಗೆ ತಿಳಿಯಿತು. ಬೀದಿ ಕೊನೆಯ ತರಕಾರಿಯವಳು, “ಏನಕ್ಕಾ, ಮನೇಲಿ ನೆಂಟರಾ?” ಎಂದು ಕೇಳುವಷ್ಟು ಕೊಂಡು ಬರುತ್ತಿದ್ದೆ.

ಎರಡನೆಯ ಬ್ರೆಡ್ಡಿನ ಹಿಟ್ಟು ಕೈಗೆ ಅಂಟಿ ಬಿಡಲೊಲ್ಲದು. ಮಾವ ತಮ್ಮ ಹಳೆಯ ಕರಣೆ ತಂದರು, ಗೋಡೆಗೆ ಗಾರೆ ಬಳಿಯುವ ಅದೇ ಕರಣೆ. ಅವರು ಆಚೆ ಹೋದಾಗ ಅದನ್ನು ಕುಕ್ಕರಿಗೆ ಹಾಕಿ ಎರಡು ಸಲ ಕುದಿಸಿದೆ. ಹುಟ್ಟುಗುಣ ಎಲ್ಲಿ ಹೋಗುತ್ತದೆ? “ಹಿಡಿ ಸಡಿಲ ಆಯ್ತಲ್ಲೇ!” ಎಂದು ಬೈದರೂ ಅದರಲ್ಲೇ ಹಿಟ್ಟನ್ನು ಕೆರೆದು, ಮಡಚಿ, ನುಣ್ಣಗೆ ಉಂಡೆ ಕಟ್ಟಿಕೊಟ್ಟರು. ಕಬ್ಬಿಣದ ಪಾತ್ರೆಯಲ್ಲಿಟ್ಟು, ಮುಚ್ಚಿ, ಬೇಯಿಸಿ ತೆಗೆದೆ. ಚಿನ್ನದ ಬಣ್ಣ! ಬೆಂದಿದೆಯೇ ಎಂದು ತಳಕ್ಕೆ ಗೆಣ್ಣಿನಿಂದ ತಟ್ಟಿದೆ. ಡೊಳ್ ಡೊಳ್ ಎಂದಿತು. ಮಾವನ ಮುಖ ಇಳಿದುಹೋಯಿತು.

“ಟೊಳ್ಳು ಕಣಮ್ಮ. ಒಳಗೆ ಹಿಡಿದಿಲ್ಲ. ಗೋಡೆ ಹೀಗೆ ಸದ್ದು ಮಾಡಿದ್ರೆ ಪೂರ್ತಿ ಕಿತ್ತು ಮತ್ತೆ ಬಳೀಬೇಕು.”

“ಇದು ಗೋಡೆ ಅಲ್ಲ ಮಾವ! ಟೊಳ್ಳು ಸದ್ದು ಬಂದ್ರೇ ಬೆಂದಿದೆ ಅಂತ!”

“ಹೌದಾ?” ಎಂದು ಅವರೂ ತಟ್ಟಿ ನೋಡಿದರು. ನಲವತ್ತು ವರ್ಷ ಹೆದರಿದ್ದ ಸದ್ದನ್ನು ನಗುತ್ತ ಕೇಳಿದರು.

ಭಾನುವಾರ ಬಂತು. ನಾದಿನಿ ಹನ್ನೊಂದು ಗಂಟೆಗೆಂದವಳು ಹತ್ತಕ್ಕೇ ಬಂದಳು, ಕೈಯಲ್ಲಿ ಖಾಲಿ ಸೂಟ್‌ಕೇಸು. ಮೂರನೆಯ ಬ್ರೆಡ್ಡು ಆಗಷ್ಟೇ ಓವನ್ನಿನಿಂದ ಹೊರಬಂದು ಜಾಲರಿಯ ಮೇಲೆ ಚಟಚಟ ಎನ್ನುತ್ತಿತ್ತು. ಅವಳು ಹೊಸ್ತಿಲಲ್ಲೇ ನಿಂತು ಗಾಳಿ ಮೂಸಿದಳು.

“ಯಾರು ಬಂದಿದಾರೆ ಅಡುಗೆಗೆ?”

“ಯಾರೂ ಇಲ್ಲ, ನಾನೇ.”

ಕೊಯ್ಯೋಣವೆಂದು ಚಾಕು ಎತ್ತಿದ ನನ್ನನ್ನು ಮಾವ ತಡೆದರು. “ಬೇಯೋವರೆಗೆ ತಾಳಿದೋಳು ಆರೋವರೆಗೆ ತಾಳಲ್ವಾ?” ಸರಿ, ಆರುವಷ್ಟರಲ್ಲಿ ಸೂಪು ಮುಗಿಸಿದೆ. ನಾದಿನಿ ಬಾಗಿಲಿಗೆ ಒರಗಿ ನನ್ನ ಕೈಯನ್ನೇ ನೋಡುತ್ತಿದ್ದಳು. ಒಂದು ತಿಂಗಳ ಹಿಂದೆ ಹಾಗೆ ನೋಡಿದ್ದರೆ ನನ್ನ ಕೈಯಿಂದ ಪಾತ್ರೆಯೇ ಜಾರುತ್ತಿತ್ತು. ಈಗ ಈರುಳ್ಳಿ ಬಾಡಿಸಿದೆ, ಬೆರಳಿಗೆ ಬಂದಷ್ಟು ಉಪ್ಪು ಉದುರಿಸಿದೆ, ಚಮಚದಲ್ಲಿ ತೆಗೆದು ಅಂಗೈಗೆ ಬಿಟ್ಟು ನೆಕ್ಕಿ ನೋಡಿದೆ, ಇನ್ನೊಂದು ಚಿಟಿಕೆ ಹಾಕಿದೆ. ಬೀನ್ಸು ಹಸಿರಾಗಿರುವಾಗಲೇ ಒಲೆ ಆರಿಸಿದೆ.

“ಅತ್ತಿಗೆ, ಸಾಕಾ? ಬೆಂದಿದೆಯಾ?”

“ಬೆಂದಿದೆ,” ಎಂದೆ. ಅನುಮಾನವೇ ಇರಲಿಲ್ಲ. ಆ ಖುಷಿಯನ್ನು ಹೇಗೆ ಹೇಳಲಿ!

ಬ್ರೆಡ್ಡು ಕೊಯ್ದೆ. ಒಳಗೆಲ್ಲ ತೂತು, ಮೆತ್ತಗೆ ಹೊಳೆಯುತ್ತಿತ್ತು. ಮೊದಲ ತುಂಡಿಗೆ ಬೆಣ್ಣೆ ಸವರಿ ಯಾರಿಗೂ ಬಡಿಸದೆ ನಾನೇ ತಿಂದೆ. ಅತಿಥಿ ಎದುರಿಗೇ, ನಿಂತುಕೊಂಡೇ. ಮಾವ ಅದನ್ನು ನೋಡಿ ನಕ್ಕು ತಟ್ಟೆ ಎಳೆದುಕೊಂಡರು. ಮೂವರೂ ಕೂತು ಉಂಡೆವು. ಮಾವ ನಾಲ್ಕು ತುಂಡು ತಿಂದರು, ಎರಡು ಬಟ್ಟಲು ಸೂಪು ಕುಡಿದರು. ನಾದಿನಿಯ ತಟ್ಟೆಯೂ ಖಾಲಿಯಾಯಿತು. ಅವಳು ತುಟಿ ಒರೆಸಿಕೊಂಡು ಅಪ್ಪನ ಕಡೆ ತಿರುಗಿದಳು.

“ಅಪ್ಪಾ, ಹೊರಡೋಣ್ವಾ?”

ಮಾವ ಬಟ್ಟಲನ್ನು ಬ್ರೆಡ್ಡಿನಿಂದ ಒರೆಸಿ ಆ ಚೂರನ್ನು ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿ ಆಮೇಲೆ ಹೇಳಿದರು. “ನಿನ್ನ ಮನೇಲಿ ನನಗೆ ಊಟ ಇದೆ ಮಗಳೇ. ಇಲ್ಲಿ ಊಟಾನೂ ಇದೆ, ಕೆಲಸಾನೂ ಇದೆ.”

ನಾನು ಗೆದ್ದಿದ್ದೆ. ಎದ್ದು ಕುಣಿಯಬೇಕೆನಿಸಿತು. ಆದರೆ ನಾದಿನಿ ತಲೆ ತಗ್ಗಿಸಿ ಮೇಜಿನ ಮೇಲಿನ ಪುಡಿಯನ್ನು ಬೆರಳಿನಿಂದ ಗುಡ್ಡೆ ಮಾಡುತ್ತಿದ್ದಳು.

“ರೂಮಿಗೆ ತಿಳಿ ನೀಲಿ ಹೊಡೆಸಿದೆ,” ಎಂದಳು. “ಗೋಡೆ ನುಣುಪಿಲ್ಲ ಅಂತ ನೀನು ಬೈತೀಯ ಅಂತ ಎರಡು ಸಲ ಉಜ್ಜಿಸಿದೆ. ಬೆಳಿಗ್ಗೆ ಎದ್ದು ನಿನ್ನ ಮುಖ ನೋಡಬಹುದು ಅಂದ್ಕೊಂಡಿದ್ದೆ ಅಪ್ಪಾ.”

ತಿಂಗಳಿಡೀ ಇವಳನ್ನು ನಾನು ಬೀನ್ಸಿನ ತಪ್ಪು ಹುಡುಕಲು ಬಂದವಳೆಂದೇ ತಿಳಿದಿದ್ದೆ. ಅವಳಿಗೂ ಅಪ್ಪ ಬೇಕಾಗಿತ್ತು, ಅಷ್ಟೇ. ಮಾವ ನೀರಿನ ಲೋಟವನ್ನು ಆ ಕಡೆ ಈ ಕಡೆ ಸರಿಸಿದರು.

ಮದುವೆಯಾಗಿ ಈ ಮನೆಗೆ ಬಂದು ಹದಿನಾರು ವರ್ಷ. ನೆಂಟರು ಬರುತ್ತಾರೆಂದರೆ ಡ್ಯೂಟಿ ಬದಲಾಯಿಸಿಕೊಂಡು ಆಸ್ಪತ್ರೆಗೆ ಓಡುತ್ತಿದ್ದವಳು ನಾನು. ಒಬ್ಬರನ್ನೂ, ಒಮ್ಮೆಯೂ, ಬಾಯಿಬಿಟ್ಟು ಕರೆದವಳಲ್ಲ.

“ಮುಂದಿನ ಭಾನುವಾರ ಊಟಕ್ಕೆ ಬನ್ನಿ,” ಎಂದೆ. “ಪ್ರತಿ ಭಾನುವಾರ ಬನ್ನಿ. ಎಲ್ಲರೂ.”

ನಾದಿನಿ ತಲೆ ಎತ್ತಿದಳು. “ನನ್ನ ಅತ್ತೆ, ಮಕ್ಕಳು ಎಲ್ಲ ಸೇರಿ ಏಳು ಜನ ಆಗ್ತೀವಿ ಅತ್ತಿಗೆ.”

“ಆಗಲಿ,” ಎಂದೆ.